ಬಾಂಬರ್ ಕಿಟ್ ಕೊಳ್ಳುವಾಗ ಪೆಟ್ಟಿಗೆ ನೋಡಬೇಡಿ, ಅಚ್ಚಿನ ವಯಸ್ಸು ಕೇಳಿ

ಎರಡನೇ ಮಹಾಯುದ್ಧದ ಬಾಂಬರ್ ವಿಮಾನದ ಮಾಡೆಲ್ ಕಿಟ್ ಕೊಳ್ಳಬೇಕು ಅಂತ ಮನಸ್ಸಾದರೆ ಮೊದಲು ಫೋನ್ ಕೆಳಗಿಟ್ಟು ಟೇಪ್ ಹುಡುಕಿ. ಮನೆಯ ಶೋಕೇಸಿನ ಅಗಲ, ಆಳ, ಎತ್ತರ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ. ಇನ್ನರ್ಧಕ್ಕೆ ಒಂದೇ ಪ್ರಶ್ನೆ ಕೇಳಬೇಕು: ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಯಾವ ಕಾಲದ ಅಚ್ಚಿನಿಂದ ಬಂದದ್ದು? ಹೆಚ್ಚಿನವರು ಈ ಎರಡನ್ನೂ ಬಿಟ್ಟು ಬ್ರ್ಯಾಂಡ್ ಹೆಸರು ಮತ್ತು ಬೆಲೆ ಮಾತ್ರ ನೋಡುತ್ತಾರೆ.

ಗಾತ್ರದಿಂದಲೇ ಶುರು ಮಾಡೋಣ. ಫೈಟರ್ ವಿಮಾನಗಳನ್ನು ಕಟ್ಟಿ ರೂಢಿ ಇದ್ದವರಿಗೂ ಬಾಂಬರ್ ಅಂದಾಜಿಗೆ ಸಿಗುವುದಿಲ್ಲ. ಸ್ಪಿಟ್‌ಫೈರ್‌ನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 11.2 ಮೀಟರ್. 1/72 ಅಳತೆಯಲ್ಲಿ, ಅಂದರೆ ನಿಜದ 72ರಲ್ಲಿ ಒಂದು ಪಾಲಿನ ಗಾತ್ರದಲ್ಲಿ, ಅದು 15.6 ಸೆಂ.ಮೀ. ಆಗುತ್ತದೆ. ಅಂಗೈ ಮೇಲೆ ಇಟ್ಟುಕೊಳ್ಳಬಹುದು. ಅದೇ ಅಳತೆಯಲ್ಲಿ ಬ್ರಿಟನ್ನಿನ ಲ್ಯಾಂಕಾಸ್ಟರ್ 43 ಸೆಂ.ಮೀ., ಅಮೆರಿಕದ ಬಿ-17 ಸುಮಾರು 44, ಬಿ-24 ಲಿಬರೇಟರ್ 46.5. ಜಪಾನಿನ ಮೇಲೆ ಅಣುಬಾಂಬ್ ಹಾಕಿದ ಬಿ-29 ಹತ್ತಿರ ಹತ್ತಿರ 60 ಸೆಂ.ಮೀ. ವಿಜಯಪುರದವರಿಗೆ ಇದನ್ನು ಬೇರೆ ರೀತಿ ಹೇಳಬಹುದು. ಗೋಲಗುಮ್ಮಟದ ಒಳಗಿನ ನೆಲ ಸುಮಾರು 41 ಮೀಟರ್ ಚೌಕ. ಲ್ಯಾಂಕಾಸ್ಟರ್ ಅದರೊಳಗೆ ರೆಕ್ಕೆ ಚಾಚಿ ಆರಾಮಾಗಿ ನಿಲ್ಲುತ್ತದೆ. 43 ಮೀಟರ್ ರೆಕ್ಕೆಯ ಬಿ-29 ನೇರವಾಗಿ ನಿಲ್ಲಲಾರದು, ಮೂಲೆಯಿಂದ ಮೂಲೆಗೆ ಓರೆಯಾಗಿ ನಿಲ್ಲಿಸಬೇಕು.

1/72 ಅಂದರೆ ನಿಜವಾದ ವಿಮಾನದ 72 ಸೆಂ.ಮೀ. ಮಾಡೆಲ್‌ನಲ್ಲಿ 1 ಸೆಂ.ಮೀ. ಈ ವಿಚಿತ್ರ ಸಂಖ್ಯೆ ಬಂದದ್ದು ಅಡಿ-ಇಂಚಿನ ಲೆಕ್ಕದಿಂದ. ಆರು ಅಡಿಗೆ 72 ಇಂಚು. ಆರು ಅಡಿ ಎತ್ತರದ ಮನುಷ್ಯ ಮಾಡೆಲ್‌ನಲ್ಲಿ ಸರಿಯಾಗಿ ಒಂದು ಇಂಚು. 1/48ರಲ್ಲಿ ನಾಲ್ಕು ಅಡಿಗೆ ಒಂದು ಇಂಚು, 1/144ರಲ್ಲಿ ಹನ್ನೆರಡು ಅಡಿಗೆ ಒಂದು ಇಂಚು. ಇವುಗಳ ಮೇಲೆ 1/32 ಅಂತ ಇನ್ನೊಂದು ಇದೆ. ಆ ಅಳತೆಯ ಲ್ಯಾಂಕಾಸ್ಟರ್ 97 ಸೆಂ.ಮೀ. ಅಗಲ. ಅದನ್ನು ಕೊಳ್ಳುವ ಮುಂಚೆ ಮನೆಯವರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಇಲ್ಲಿ ಲೆಕ್ಕ ತಪ್ಪುವ ಒಂದು ಜಾಗ ಇದೆ. 1/72 ಬಿಟ್ಟು 1/48 ತಗೊಂಡರೆ ಮಾಡೆಲ್‌ನ ಉದ್ದ ಒಂದೂವರೆ ಪಟ್ಟು ಆಗುತ್ತದೆ, ಅಷ್ಟೇ ಅಲ್ವಾ ಅನ್ನಿಸುತ್ತದೆ. ಅಗಲವೂ ಒಂದೂವರೆ ಪಟ್ಟು ಆಗುವುದರಿಂದ ಅದು ಹಿಡಿಯುವ ಜಾಗ ಎರಡೂಕಾಲು ಪಟ್ಟು. ಬೇಕಾಗುವ ಬಣ್ಣವೂ ಎರಡೂಕಾಲು ಪಟ್ಟು. 1/72 ಲ್ಯಾಂಕಾಸ್ಟರ್ ಮೂಗಿನಿಂದ ಬಾಲಕ್ಕೆ 29 ಸೆಂ.ಮೀ. ಚಿಲ್ಲರೆ. ಒಂದು ಅಡಿ ಆಳದ ಶೋಕೇಸಿನಲ್ಲಿ ಇಟ್ಟರೆ ಗಾಜಿನ ಬಾಗಿಲಿಗೂ ಮೂಗಿಗೂ ನಡುವೆ ಒಂದು ಬೆರಳೂ ತೂರುವುದಿಲ್ಲ. 1/48 ಆದರೆ ಅದು ತಿಜೋರಿ ಮೇಲೆಯೇ ಹೋಗಬೇಕು. ಅಲ್ಲಿ ಧೂಳು, ಅಲ್ಲಿ ಹಲ್ಲಿ. ಹಳೆ ಮನೆಗಳ ಗೋಡೆಯ ಮಾಡದಲ್ಲಿ ಇಡುವ ಆಸೆ ಇದ್ದರೆ 1/144ರ ಲ್ಯಾಂಕಾಸ್ಟರ್ ಅಥವಾ 1/72ರ ಎರಡು ಎಂಜಿನ್ನಿನ ಸಣ್ಣ ಬಾಂಬರ್ ಮಾತ್ರ ಹಿಡಿಯುತ್ತದೆ. ಚಾವಣಿಯಿಂದ ನೈಲಾನ್ ದಾರ ಕಟ್ಟಿ ತೂಗುಬಿಡುವವರೂ ಇದ್ದಾರೆ. ನೋಡಲು ಭಾಳ ಚಂದ. ಫ್ಯಾನ್ ಎಲ್ಲಿದೆ ಅಂತ ಮಾತ್ರ ನೋಡಿಕೊಳ್ಳಿ.

ಅಳತೆ ಗೊತ್ತಾಯಿತು. ಯಾವ ವಿಮಾನ? ಲ್ಯಾಂಕಾಸ್ಟರ್ ಮತ್ತು ಬಿ-17 ಎಲ್ಲರಿಗೂ ಗೊತ್ತಿರುವ ಹೆಸರುಗಳು. ಕಿಟ್‌ಗಳೂ ಅವುಗಳದ್ದೇ ಜಾಸ್ತಿ. ಆದರೆ ನಮ್ಮ ಕಡೆಯವರು ಲಿಬರೇಟರ್ ಕಡೆ ಒಮ್ಮೆ ನೋಡಬೇಕು ಅಂತ ನನ್ನ ಅಭಿಪ್ರಾಯ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಶುರುವಾದದ್ದೇ 1942ರಲ್ಲಿ, ಬ್ರಿಟಿಷ್ ವಾಯುಪಡೆಗಾಗಿ. ಬರ್ಮಾ ಕಡೆಯ ಯುದ್ಧಕ್ಕೆ ತರಬೇತಿ ನೆಲೆಯಾಗಿ ಅದು ಕೆಲಸ ಮಾಡಿತು. ಈಗಲೂ ಅಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಆ ಬರ್ಮಾ ಯುದ್ಧದಲ್ಲಿ ದೂರದ ದಾಳಿಗಳಿಗೆ ಹೆಚ್ಚಾಗಿ ಬಳಕೆಯಾದ ಭಾರಿ ಬಾಂಬರ್ ಲಿಬರೇಟರ್. ಬ್ರಿಟಿಷ್ ವಾಯುಪಡೆಯ 159, 355 ಮತ್ತು 356ನೇ ಸ್ಕ್ವಾಡ್ರನ್‌ಗಳು ಬಂಗಾಳದ ದಿಗ್ರಿ, ಸಾಲ್ಬನಿ ನೆಲೆಗಳಿಂದ ಇವನ್ನು ಹಾರಿಸಿದವು.

ಯುದ್ಧ ಮುಗಿದ ಮೇಲಿನ ಕಥೆ ಇನ್ನೂ ಸ್ವಾರಸ್ಯ. ಅಮೆರಿಕ ಕೊಟ್ಟ ಈ ವಿಮಾನಗಳನ್ನು ವಾಪಸ್ ಕೊಡಬೇಕು ಇಲ್ಲವೇ ನಾಶ ಮಾಡಬೇಕು ಅಂತ ಒಪ್ಪಂದವಿತ್ತು. ಹಾಗಾಗಿ ಕಾನ್ಪುರದಲ್ಲಿ ಲಿಬರೇಟರ್‌ಗಳ ಸಾಲು ಸಾಲನ್ನೇ ಬ್ರಿಟಿಷರು ಬೇಕಂತಲೇ ಹಾಳುಮಾಡಿ ಬಿಟ್ಟು ಹೋದರು. ಸ್ವಾತಂತ್ರ್ಯದ ನಂತರ ಬೆಂಗಳೂರಿನ ಎಚ್‌ಎಎಲ್ ಅದೇ ರಾಶಿಯಿಂದ ಒಂದೊಂದೇ ವಿಮಾನ ಎತ್ತಿ, ಹಾರುವಷ್ಟು ಸರಿಮಾಡಿತು. ಎಚ್‌ಎಎಲ್‌ನ ಪೈಲಟ್ ಜಮ್‌ಶೇದ್ ಮುನ್ಶಿ ಅವನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿ ಆಯಿತು. 1948ರ ನವೆಂಬರ್‌ನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಶುರುವಾಯಿತು. 1968ರವರೆಗೂ ಲಿಬರೇಟರ್ ನಮ್ಮಲ್ಲಿ ಸೇವೆಯಲ್ಲಿತ್ತು. ಬೇರೆ ದೇಶಗಳು ಆಗಲೇ ಅವನ್ನು ಗುಜರಿಗೆ ಹಾಕಿ ಮುಗಿಸಿದ್ದವು. ಹಾಗಾಗಿಯೇ ಲಂಡನ್ನಿನ ಬ್ರಿಟಿಷ್ ವಾಯುಪಡೆ ಮ್ಯೂಸಿಯಂ, ಅಮೆರಿಕದ ಅರಿಜೋನಾದ ಪಿಮಾ ಮ್ಯೂಸಿಯಂಗಳಲ್ಲಿ ಇವತ್ತು ನಿಂತಿರುವ ಲಿಬರೇಟರ್‌ಗಳು ಭಾರತದಿಂದ ಹೋದಂಥವು. 18,000ಕ್ಕೂ ಹೆಚ್ಚು ತಯಾರಾದ ವಿಮಾನದಲ್ಲಿ ಉಳಿದ ಬೆರಳೆಣಿಕೆಯಷ್ಟರಲ್ಲಿ ಹಲವನ್ನು ಉಳಿಸಿದ್ದು ಕರ್ನಾಟಕದ ಕಾರ್ಖಾನೆಯೊಂದರ ಕೆಲಸಗಾರರು.

ಕೇಸರಿ-ಬಿಳಿ-ಹಸಿರು ಚಕ್ರ ಹೊತ್ತ ಲಿಬರೇಟರ್ ಶೋಕೇಸಿನಲ್ಲಿದ್ದರೆ ಬಂದವರು ಕೇಳದೆ ಇರುವುದಿಲ್ಲ. ಆದರೆ ಅದಕ್ಕೆ ಯಾವ ಕಿಟ್? ಈಗ ಮಾದರಿಯ ವಿಷಯ ಬರುತ್ತದೆ.

ಬಾಂಬರ್‌ಗಳು ಯುದ್ಧದುದ್ದಕ್ಕೂ ಬದಲಾಗುತ್ತಾ ಹೋದವು. ಹೆಸರಿನ ಕೊನೆಯ ಅಕ್ಷರ ಆ ಬದಲಾವಣೆ ಹೇಳುತ್ತದೆ. ಬಿ-24ಡಿಗೆ ಮೂಗಿನಲ್ಲಿ ಬರೀ ಗಾಜು. ಬಿ-24ಜೆಗೆ ಮೂಗಿನಲ್ಲಿ ತಿರುಗುವ ಗನ್ ಗೋಪುರ, ಮಾಡೆಲ್ ಮಾಡುವವರ ಮಾತಿನಲ್ಲಿ ಟರೆಟ್. ಭಾರತದ ವಿಮಾನಗಳು ಕೊನೆಯ ಕಾಲದವು, ಟರೆಟ್ ಇದ್ದವು. ಹಾಗಾಗಿ ಪೆಟ್ಟಿಗೆ ಮೇಲೆ ಡಿ ಅಂತಿದ್ದರೆ ಮುಂದೆ ಹೋಗಿ, ಜೆ ಹುಡುಕಿ. ಬಿ-17ರಲ್ಲೂ ಹೀಗೇ. ಜಿ ಮಾದರಿಗೆ ಮೂಗಿನ ಕೆಳಗೆ ಗದ್ದದ ಹಾಗೆ ಒಂದು ಟರೆಟ್ ಇದೆ, ಎಫ್ ಮಾದರಿಗೆ ಇಲ್ಲ. ಲ್ಯಾಂಕಾಸ್ಟರ್‌ನಲ್ಲಿ ಮಾರ್ಕ್ 1 ಮತ್ತು ಮಾರ್ಕ್ 3 ಹೊರಗಿನಿಂದ ಒಂದೇ. ಮಾರ್ಕ್ 3ರಲ್ಲಿ ಇದ್ದದ್ದು ಅಮೆರಿಕದಲ್ಲಿ ತಯಾರಾದ ಮೆರ್ಲಿನ್ ಎಂಜಿನ್, ಅಷ್ಟೇ. ಮಾರ್ಕ್ 2 ಮಾತ್ರ ಪೂರ್ತಿ ಬೇರೆ ಎಂಜಿನ್ನಿನದು. 1943ರ ಮೇ 16ರ ರಾತ್ರಿ ಜರ್ಮನಿಯ ಅಣೆಕಟ್ಟುಗಳ ಮೇಲೆ ದಾಳಿ ಮಾಡಿದ 617ನೇ ಸ್ಕ್ವಾಡ್ರನ್‌ನ 19 ಲ್ಯಾಂಕಾಸ್ಟರ್‌ಗಳೂ ಬೇರೆ ಥರ. ಉರುಳೆಯಾಕಾರದ ಪುಟಿಯುವ ಬಾಂಬ್ ನೇತುಹಾಕಲು ಅವುಗಳ ಹೊಟ್ಟೆಯ ಬಾಗಿಲುಗಳನ್ನೇ ಕಿತ್ತಿದ್ದರು. ಬೆನ್ನ ಮೇಲಿನ ಟರೆಟ್ ತೆಗೆದಿದ್ದರು. ಆ ವಿಮಾನ ಬೇಕಿದ್ದರೆ ಆ ದಾಳಿಯ ಕಿಟ್ಟನ್ನೇ ಕೊಳ್ಳಬೇಕು. ಸಾಮಾನ್ಯ ಲ್ಯಾಂಕಾಸ್ಟರ್ ತಂದು ತಿದ್ದುತ್ತೇನೆ ಅನ್ನುವುದು ಸುಮ್ನೆ ತಲೆನೋವು.

ಈಗ ಅಚ್ಚಿನ ವಿಷಯ. ಪ್ಲಾಸ್ಟಿಕ್ ಕಿಟ್ ಮಾಡುವುದು ಇಂಜೆಕ್ಷನ್ ಮೋಲ್ಡಿಂಗ್‌ನಿಂದ. ಉಕ್ಕಿನ ಎರಡು ಅಚ್ಚುಗಳನ್ನು ಬಿಗಿಯಾಗಿ ಮುಚ್ಚಿ, ಕರಗಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ಒಳಗೆ ತುಂಬುತ್ತಾರೆ. ಅಚ್ಚು ಮಾಡುವುದು ಭಾರಿ ಖರ್ಚಿನ ಕೆಲಸ. ಒಮ್ಮೆ ಮಾಡಿದ ಅಚ್ಚನ್ನು ಕಂಪನಿಗಳು ದಶಕಗಳ ಕಾಲ ಬಿಡುವುದಿಲ್ಲ. ಅದೇ ಪ್ಲಾಸ್ಟಿಕ್, ಹೊಸ ಚಿತ್ರ, ಹೊಸ ಪೆಟ್ಟಿಗೆ, ಹೊಸ ಬೆಲೆ. ಕೆಲವು ಸಲ ಕಂಪನಿಯ ಹೆಸರೂ ಹೊಸದು. ಮೊನೊಗ್ರಾಮ್ ಮಾಡಿದ ಅಚ್ಚು ರೆವೆಲ್ ಪೆಟ್ಟಿಗೆಯಲ್ಲಿ ಬರುತ್ತದೆ. ಹಸೆಗಾವಾ ಪ್ಲಾಸ್ಟಿಕ್ ಎಡುವಾರ್ಡ್ ಪೆಟ್ಟಿಗೆಯಲ್ಲಿ ಬಂದದ್ದಿದೆ. ಇದು ಮೋಸವಲ್ಲ, ವ್ಯಾಪಾರದ ರೀತಿ. ನಾವು ತಿಳಿದು ಕೊಳ್ಳಬೇಕು, ಅಷ್ಟೇ.

ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ಯಮಬಾಗ್‌ನ ಫೌಂಡ್ರಿಗಳಲ್ಲಿ ಕೆಲಸ ಮಾಡಿದ ಯಾರ ಕೈಗಾದರೂ ಹಳೆ ಕಿಟ್‌ನ ಒಂದು ರನ್ನರ್, ಅಂದರೆ ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು, ಕೊಡಿ. ಎರಡು ಅಚ್ಚು ಕೂಡುವ ಪಾರ್ಟಿಂಗ್ ಲೈನಿನಲ್ಲಿ ತೆಳ್ಳಗೆ ಹೊರಬಂದ ಪ್ಲಾಸ್ಟಿಕ್ ನೋಡಿದ ತಕ್ಷಣ "ಡೈ ಸವದೈತ್ರಿ" ಅನ್ನುತ್ತಾರೆ. ಆ ಹೊರಬಂದ ಪದರಕ್ಕೆ ಫ್ಲ್ಯಾಶ್ ಅನ್ನುತ್ತಾರೆ. ಅಚ್ಚು ಹಳತಾದಷ್ಟೂ ಫ್ಲ್ಯಾಶ್ ಜಾಸ್ತಿ. ಭಾಗಗಳ ಅಂಚು ಮೊಂಡು, ಒಂದಕ್ಕೊಂದು ಕೂಡುವಾಗ ಸಂದು. ಫೈಟರ್‌ನಲ್ಲಾದರೆ ಇಂಥ ಸಂದು ಮೂರೋ ನಾಲ್ಕೋ. ದೊಡ್ಡ ಬಾಂಬರ್‌ನಲ್ಲಿ ನಾಲ್ಕು ಎಂಜಿನ್ ಇರುವುದರಿಂದ ಪ್ರತಿ ತೊಂದರೆಯೂ ನಾಲ್ಕು ಸಲ ಬರುತ್ತದೆ.

ಕೆಲವು ಉದಾಹರಣೆ ಕೊಟ್ಟರೆ ಸ್ಪಷ್ಟವಾಗುತ್ತದೆ. ಏರ್‌ಫಿಕ್ಸ್‌ನ 1/72 ಲಿಬರೇಟರ್ 1963ರ ಅಚ್ಚು. ಮೇಲ್ಮೈ ಮೇಲೆಲ್ಲ ಉಬ್ಬಿದ ರಿವೆಟ್‌ಗಳು, ಒಳಗೆ ಹೆಚ್ಚೇನೂ ಇಲ್ಲ. ಹಸೆಗಾವಾದ 1/72 ಲಿಬರೇಟರ್ 2000ದ ದಶಕದ್ದು. ವಿಮಾನದ ತಗಡುಗಳು ಕೂಡುವ ಕಡೆಯ ಗೆರೆಗಳು ಸಣ್ಣಗೆ ಒಳಕ್ಕೆ ಕೊರೆದಿವೆ, ಭಾಗಗಳು ಚೆನ್ನಾಗಿ ಕೂಡುತ್ತವೆ, ಬೆಲೆಯೂ ಅಷ್ಟೇ ಮೇಲೆ. ಎರಡರ ಮೇಲೂ ಬಿ-24ಜೆ ಅಂತಲೇ ಬರೆದಿರುತ್ತದೆ. ಒಂದೇ ಅಳತೆ, ಒಂದೇ ವಿಮಾನ, ನಡುವೆ ನಾಲ್ಕು ದಶಕ. ಲ್ಯಾಂಕಾಸ್ಟರ್‌ನಲ್ಲಿ ಏರ್‌ಫಿಕ್ಸ್ ಕಂಪನಿಯದ್ದೇ ಮೂರು ತಲೆಮಾರು ಇವೆ. ಕೊನೆಯದು 2013ರಲ್ಲಿ ಬಂದದ್ದು, ಕೊಳ್ಳಬೇಕಾದದ್ದು ಅದೇ. ಏರ್‌ಫಿಕ್ಸ್‌ನ ಬಿ-17ಜಿ ಕೂಡ 2016ರಲ್ಲಿ ಹೊಸ ಅಚ್ಚಿನಿಂದ ಬಂತು. ಹಾಗಾಗಿ "ಏರ್‌ಫಿಕ್ಸ್ ಚೆನ್ನಾಗಿದೆಯಾ?" ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ವರ್ಷದ್ದು ಅಂತ ಕೇಳಬೇಕು. ಸ್ಕೇಲ್‌ಮೇಟ್ಸ್ ಅನ್ನುವ ವೆಬ್‌ಸೈಟ್‌ನಲ್ಲಿ ಕಿಟ್ ಹೆಸರು ಹಾಕಿದರೆ ಆ ಅಚ್ಚಿನ ವಂಶಾವಳಿಯೇ ಸಿಗುತ್ತದೆ. ಮೊದಲು ಯಾವಾಗ ಬಂತು, ಯಾವ ಯಾವ ಪೆಟ್ಟಿಗೆ ಹೊಕ್ಕು ಬಂತು, ಎಲ್ಲ. ದುಡ್ಡು ಕೊಡುವ ಮುಂಚೆ ಎರಡು ನಿಮಿಷದ ಕೆಲಸ.

ಹಳೆಯದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಮೊನೊಗ್ರಾಮ್‌ನ 1/48 ಬಿ-17ಜಿ 1975ರದ್ದು, ಬಿ-24ಜೆ 1976ರದ್ದು. ಆಕಾರ ಇವತ್ತಿಗೂ ಸೊಗಸು, ಒಳಗಿನ ವಿವರಗಳೂ ತುಂಬಿವೆ. ಗೆರೆಗಳು ಮಾತ್ರ ಉಬ್ಬಿದಂಥವು. ಎರಡು ಹೋಳು ಅಂಟಿಸಿ ಸಂದು ಉಜ್ಜಿದಾಗ ಆ ಗೆರೆಗಳೂ ಅಳಿಸಿ ಹೋಗುತ್ತವೆ. ಮತ್ತೆ ಕೊರೆಯುವ ತಾಳ್ಮೆ ಇದ್ದವರಿಗೆ ದುಡ್ಡಿಗೆ ತಕ್ಕ ಕಿಟ್‌ಗಳು ಇವು. ಗೆರೆ ಉಬ್ಬಿರಬೇಕೋ ತಗ್ಗಿರಬೇಕೋ ಅಂತ ಜಗಳ ಆಡುವವರು ಒಂದು ಲೆಕ್ಕ ಮರೆಯುತ್ತಾರೆ. 1/72 ಮಾಡೆಲ್ ಮೇಲೆ 0.2 ಮಿ.ಮೀ. ಗೆರೆ ಕೊರೆದರೆ ನಿಜವಾದ ವಿಮಾನದಲ್ಲಿ ಅದು ಒಂದೂವರೆ ಸೆಂ.ಮೀ. ಅಗಲದ ಬಿರುಕು. ಅಂಥ ಬಿರುಕಿರುವ ವಿಮಾನವನ್ನು ಯಾರೂ ಹಾರಿಸುವುದಿಲ್ಲ. ಎರಡೂ ಕಣ್ಣಿಗೆ ಚಂದ ಕಾಣಲಿ ಅಂತ ಮಾಡಿದ್ದು. ತಗ್ಗು ಗೆರೆಯಲ್ಲಿ ತೆಳು ಕಪ್ಪು ಬಣ್ಣ ಬಿಟ್ಟರೆ ಅದು ಹರಿದು ಕೂರುತ್ತದೆ, ಕೆಲಸ ಸುಲಭ. ತಗ್ಗಿಗೆ ಅದೊಂದೇ ಲಾಭ.

ಬಾಂಬರ್‌ಗೇ ವಿಶೇಷವಾದ ಇನ್ನೆರಡು ಕಷ್ಟಗಳಿವೆ. ಒಂದು ಗಾಜು. ಮೂಗು, ಕಾಕ್‌ಪಿಟ್, ಬೆನ್ನು, ಬಾಲ, ಎಲ್ಲ ಕಡೆ ಪಾರದರ್ಶಕ ಭಾಗಗಳು. ಪ್ರತಿ ಗಾಜಿಗೂ ಸಣ್ಣ ಸಣ್ಣ ಚೌಕಟ್ಟು, ಪ್ರತಿ ಚೌಕಟ್ಟಿಗೂ ಬಣ್ಣ. ಬರಿಗೈಯಲ್ಲಿ ಬ್ರಷ್ ಹಿಡಿದು ಮಾಡುವುದು ಆಗದ ಮಾತು. ಗಾಜಿಗೆ ಹಚ್ಚಿ ಬಣ್ಣ ಬಳಿದು ಕಿತ್ತುಹಾಕುವ ರೆಡಿಮೇಡ್ ಮಾಸ್ಕ್‌ಗಳು ಸಿಗುತ್ತವೆ. ಎಡುವಾರ್ಡ್ ಅನ್ನುವ ಜೆಕ್ ಕಂಪನಿ ಇದರಲ್ಲಿ ಹೆಸರು ಮಾಡಿದೆ. ನಿಮ್ಮ ಕಿಟ್‌ಗೆ ಮಾಸ್ಕ್ ಇದೆಯೇ ಅಂತ ಕಿಟ್ ಜೊತೆಗೇ ನೋಡಿಕೊಳ್ಳಿ. ಒಳಗಿನ ಸೀಟು, ರೇಡಿಯೋ ಅಂತ ಮಾರುವ ಬಿಡಿಭಾಗಗಳಿಗೆ ದುಡ್ಡು ಹಾಕುವುದಕ್ಕಿಂತ ಮಾಸ್ಕ್‌ಗೆ ಹಾಕುವುದು ಮೇಲು. ಹೋಳು ಮುಚ್ಚಿದ ಮೇಲೆ ಒಳಗಿನದು ಯಾರಿಗೂ ಕಾಣುವುದಿಲ್ಲ. ಗಾಜಿನ ಭಾಗಕ್ಕೆ ಫೆವಿಕ್ವಿಕ್ ತಾಗಿಸಬೇಡಿ, ಅದರ ಆವಿಗೆ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಕಾಣುವುದೂ ಇಲ್ಲ.

ಇನ್ನೊಂದು ತೂಕ. ಲ್ಯಾಂಕಾಸ್ಟರ್, ಬಿ-17, ವೆಲಿಂಗ್ಟನ್ ಇವುಗಳ ಮೂರನೇ ಗಾಲಿ ಬಾಲದ ಕೆಳಗಿದೆ. ಬಾಲ ಊರಿ ನಿಲ್ಲುವುದು ಅವುಗಳ ರೀತಿ. ಲಿಬರೇಟರ್, ಬಿ-25, ಬಿ-29 ಇವುಗಳ ಮೂರನೇ ಗಾಲಿ ಮೂಗಿನ ಕೆಳಗೆ. ಮಾಡೆಲ್‌ನಲ್ಲಿ ಬಾಲವೇ ಭಾರವಾಗಿ, ಮೂಗು ಮೇಲೆತ್ತಿ ಕೂತುಬಿಡುತ್ತದೆ. ಹೋಳು ಅಂಟಿಸುವ ಮುಂಚೆಯೇ ಮೂಗಿನ ಕಡೆ ತೂಕ ತುಂಬಬೇಕು. ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳು ಇದಕ್ಕೆ ಸರಿ. ಲಿಬರೇಟರ್‌ನ ಮೂಗೆಲ್ಲ ಗಾಜು ಮತ್ತು ಟರೆಟ್ ಆದ್ದರಿಂದ ಅಲ್ಲಿ ಬಚ್ಚಿಡಲು ಜಾಗ ಕಡಿಮೆ. ಪೈಲಟ್ ಸೀಟಿನ ಹಿಂದೆ, ಎಂಜಿನ್‌ಗಳ ಮುಂಭಾಗದಲ್ಲಿ ಹಂಚಬೇಕಾಗುತ್ತದೆ. ಕೈಪಿಡಿ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಿ. ಇದೆಲ್ಲ ರಗಳೆ ಅನ್ನಿಸಿದರೆ ಗಾಲಿ ಮಡಚಿ ಸ್ಟ್ಯಾಂಡ್ ಮೇಲೆ ಹಾರುವಂತೆ ನಿಲ್ಲಿಸಿ.

ಬಣ್ಣ ಕೂಡ ಆಯ್ಕೆಯ ಭಾಗವೇ, ಕೊಂಡ ಮೇಲೆ ಯೋಚಿಸುವಂಥದ್ದಲ್ಲ. ರಾತ್ರಿ ಹಾರುತ್ತಿದ್ದ ಬ್ರಿಟಿಷ್ ಬಾಂಬರ್‌ಗಳ ಮೇಲೆ ಕಂದು-ಹಸಿರು ಪಟ್ಟೆ, ಕೆಳಗೆ ಮತ್ತು ಪಕ್ಕಕ್ಕೆ ಕಪ್ಪು. ಹೊಸಬರಿಗೆ ಇದು ದಯೆ ತೋರುವ ಬಣ್ಣ, ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ. ಅಮೆರಿಕದವು ಮೊದಲಿಗೆ ಆಲಿವ್ ಹಸಿರು, ಕೆಳಗೆ ಬೂದು. 1944ರ ಹೊತ್ತಿಗೆ ಕಾರ್ಖಾನೆಯಿಂದ ಬಣ್ಣ ಇಲ್ಲದೆ ಬರೀ ಲೋಹದ ಹೊಳಪಿನಲ್ಲೇ ಹೊರಬರತೊಡಗಿದವು. ಮಾಡೆಲ್‌ನಲ್ಲಿ ಈ ಬೆಳ್ಳಿ ಬಣ್ಣ ಮಹಾ ಚಾಡಿಕೋರ. ಪಾಲಿಶ್ ಪೇಪರಿನ ಒಂದು ಗೀರು, ತುಂಬದ ಒಂದು ಸಂದು, ಬೆರಳಿನ ಒಂದು ಗುರುತು, ಎಲ್ಲ ಎದ್ದು ಕಾಣುತ್ತದೆ. ನಮ್ಮ ವಾಯುಪಡೆಯ ಲಿಬರೇಟರ್‌ಗಳೂ ಲೋಹದ ಬಣ್ಣದವೇ. ಹಾಗಾಗಿ ಅದನ್ನು ಮೊದಲ ಬಾಂಬರ್ ಆಗಿ ಆರಿಸಬೇಡಿ ಅನ್ನುತ್ತೇನೆ. ಅದರ ಭಾರತೀಯ ಗುರುತಿನ ಡೆಕಾಲ್‌ಗಳು (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರಗಳು) ಸಾಮಾನ್ಯವಾಗಿ ಕಿಟ್‌ನಲ್ಲಿ ಇರುವುದೂ ಇಲ್ಲ, ಬೇರೆ ತರಿಸಬೇಕು. ಬರ್ಮಾ ಕಡೆಯ ಬ್ರಿಟಿಷ್ ವಿಮಾನ ಮಾಡುವವರು ಇನ್ನೊಂದು ನೋಡಬೇಕು. ಜಪಾನಿನ ಕೆಂಪು ವೃತ್ತದೊಂದಿಗೆ ಗೊಂದಲ ಆಗಬಾರದು ಅಂತ ಅಲ್ಲಿನ ಗುರುತುಗಳಿಂದ ಕೆಂಪು ಬಣ್ಣವನ್ನೇ ತೆಗೆದಿದ್ದರು. ಕಿಟ್‌ನಲ್ಲಿ ಯುರೋಪಿನ ಗುರುತು ಮಾತ್ರ ಇದ್ದರೆ ಅದು ಬರ್ಮಾಕ್ಕೆ ನಡೆಯುವುದಿಲ್ಲ.

ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರು ಜಿಲ್ಲೆಗಳ ಹವೆಯೂ ಒಂದು ಮಾತು ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಗಾಳಿಯಲ್ಲಿ ನೀರೇ ತುಂಬಿರುತ್ತದೆ. ಲ್ಯಾಕರ್ ಬಣ್ಣ ಅಂಥ ಹವೆಯಲ್ಲಿ ಒಣಗುವಾಗ ಮೇಲೆ ಬೂಷ್ಟಿನಂಥ ಬಿಳುಪು ಕೂರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಕತ್ತರಿಸುವುದು, ಅಂಟಿಸುವುದು, ಉಜ್ಜುವುದು ಮಾಡಿ, ಬಣ್ಣವನ್ನು ದೀಪಾವಳಿ ಕಡೆಗೆ ಇಟ್ಟುಕೊಳ್ಳುವುದು ಜಾಣತನ. ದೊಡ್ಡ ಬಾಂಬರ್‌ಗೆ ಹೇಗೂ ಅಷ್ಟು ದಿನ ಬೇಕು. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ತೊಂದರೆ ಉಲ್ಟಾ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಹೊರಟ ಅಕ್ರಿಲಿಕ್ ಬಣ್ಣ ವಿಮಾನ ಮುಟ್ಟುವ ಮುಂಚೆಯೇ ಅರ್ಧ ಒಣಗಿ ಪುಡಿಯಾಗಿ ಕೂರುತ್ತದೆ. ಬೆಳಗಿನ ಜಾವ ಕೆಲಸ ಮಾಡಬೇಕು, ಬಣ್ಣಕ್ಕೆ ಒಣಗುವುದನ್ನು ತಡಮಾಡುವ ರಿಟಾರ್ಡರ್ ಬೆರೆಸಬೇಕು. ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಕಿಟ್ ಬಿಡಲೇಬೇಡಿ. ಉದ್ದನೆಯ ತೆಳು ರೆಕ್ಕೆ ಸೊಟ್ಟಗಾದರೆ ಮತ್ತೆ ನೆಟ್ಟಗೆ ಮಾಡುವುದು ಕಷ್ಟ. ಡೆಕಾಲ್ ನೆನೆಸಲು ಬೋರ್ ನೀರು ಬೇಡ. ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ, ಕಪ್ಪು ಲ್ಯಾಂಕಾಸ್ಟರ್ ಮೇಲೆ ಅದು ಎದ್ದು ಕಾಣುತ್ತದೆ. ಫಿಲ್ಟರ್ ನೀರು ಬಳಸಿ.

ಕಿಟ್ಟನ್ನು ಹೆಚ್ಚಾಗಿ ಹೊರಗಿನಿಂದಲೇ ತರಿಸಬೇಕಾಗುತ್ತದೆ. ಬೆಳಗಾವಿಯ ಖಡೇಬಜಾರ್‌ನ ಆಟಿಕೆ ಅಂಗಡಿಗಳಲ್ಲಿ 1/72 ಲ್ಯಾಂಕಾಸ್ಟರ್ ಕೇಳಿದರೆ ರಿಮೋಟ್ ಹೆಲಿಕಾಪ್ಟರ್ ತೋರಿಸುತ್ತಾರೆ. ಆದರೆ ಕೆಲಸದ ಸಾಮಾನು ಇಲ್ಲೇ ಸಿಗುತ್ತದೆ. ಗಾಡಿಗಳಿಗೆ ಬಣ್ಣ ಹಚ್ಚುವವರು ಬಳಸುವ ಎನ್‌ಸಿ ಪುಟ್ಟಿ ಸಂದು ತುಂಬಲು ಚೆನ್ನಾಗಿ ನಡೆಯುತ್ತದೆ, ತೆಳ್ಳಗೆ ಹಚ್ಚಿದರೆ ಮಾತ್ರ. 600, 1000, 2000 ನಂಬರಿನ ವಾಟರ್ ಪೇಪರ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಇದೆ. ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ತೆಳು ಸಿಮೆಂಟ್ ಮತ್ತು ಬಣ್ಣ ಇವೆರಡನ್ನು ಮಾತ್ರ ಮಾಡೆಲ್‌ಗೆಂದೇ ಮಾಡಿದ್ದನ್ನು ತಗೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬ ಬಳಸುವುದಿದ್ದರೆ ಮೊದಲು ಖಾಲಿ ರನ್ನರ್ ಮೇಲೆ ಹೊಡೆದು ನೋಡಿ. ಕೆಲವಕ್ಕೆ ಪ್ಲಾಸ್ಟಿಕ್ ಕರಗುತ್ತದೆ.

ಬೆಲೆ ಕೇಳಿ ಹೌಹಾರುವವರಿಗೆ ಒಂದು ಕಾರಣ ಗೊತ್ತಿರಲಿ. ಆಮದು ಆಟಿಕೆಗಳ ಮೇಲಿನ ಸುಂಕವನ್ನು ಸರ್ಕಾರ 2020ರಲ್ಲಿ 20ರಿಂದ 60 ಪ್ರತಿಶತಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತೂ ಕಡ್ಡಾಯ. ಇದೆಲ್ಲ ಅಗ್ಗದ ಆಟಿಕೆಗಳನ್ನು ತಡೆಯಲು ಮಾಡಿದ್ದಾದರೂ ಕಿಟ್‌ಗಳೂ ಅದೇ ಬಲೆಗೆ ಬಿದ್ದಿವೆ. ಹಾಗಾಗಿ ವಿದೇಶದ ಬೆಲೆಯನ್ನು ರೂಪಾಯಿಗೆ ಬದಲಿಸಿ ಇಲ್ಲಿಯ ಅಂಗಡಿಯವರ ಜೊತೆ ಜಗಳ ಆಡುವುದರಲ್ಲಿ ಅರ್ಥವಿಲ್ಲ. ಹೊರದೇಶದಿಂದ ನೇರ ತರಿಸಿದರೆ ಸುಂಕವನ್ನು ಬಾಗಿಲಲ್ಲಿ ನಿಂತ ಕೊರಿಯರ್‌ನವನಿಗೆ ಕೊಡಬೇಕಾಗಬಹುದು. ಸುಂಕ, ಸಾಗಣೆ ಎಲ್ಲ ಸೇರಿ ಎಷ್ಟು ಅಂತ ಮೊದಲೇ ಕೇಳಿ.

ಹಾಗಾದರೆ ಮೊದಲ ಬಾಂಬರ್ ಯಾವುದು? ನನ್ನನ್ನು ಕೇಳಿದರೆ ನಾಲ್ಕು ಎಂಜಿನ್ನಿನದು ಬೇಡವೇ ಬೇಡ. 1/72ರಲ್ಲಿ ಎರಡು ಎಂಜಿನ್ನಿನ ಮಸ್ಕಿಟೋ ತಗೊಳ್ಳಿ. ಮರದಿಂದ ಮಾಡಿದ ವಿಮಾನ ಅದು. ಮೈ ನುಣುಪು, ಗೆರೆ ಕಡಿಮೆ, ಟರೆಟ್ ಒಂದೂ ಇಲ್ಲ, ಅಗಲ 23 ಸೆಂ.ಮೀ. ಟಮಿಯಾದ ಕಿಟ್ ಹಿಡಿದರೆ ಭಾಗಗಳು ಒಂದಕ್ಕೊಂದು ಪಟಕ್ಕನೆ ಕೂಡುತ್ತವೆ, ಏರ್‌ಫಿಕ್ಸ್‌ನ ಹೊಸದೂ ಚೆನ್ನಾಗಿದೆ. ಬಾಂಬರ್ ಮಾದರಿಗೆ ಮೂಗು ಗಾಜಿನದು, ಗನ್ ಇರುವ ಫೈಟರ್-ಬಾಂಬರ್ ಮಾದರಿಗೆ ಮೂಗು ಮುಚ್ಚಿದ್ದು. ಪೆಟ್ಟಿಗೆಯ ಬದಿಯ ಚಿತ್ರದಲ್ಲಿ ಅದನ್ನು ನೋಡಿಕೊಳ್ಳಿ. ಎರಡನೆಯದಾಗಿ ಏರ್‌ಫಿಕ್ಸ್‌ನ ಹೊಸ ಅಚ್ಚಿನ ವೆಲಿಂಗ್ಟನ್, 36 ಸೆಂ.ಮೀ. ಅದರ ಮೇಲೆ ಲ್ಯಾಂಕಾಸ್ಟರ್. ಅದಾದ ಮೇಲೆ ನಮ್ಮ ಲಿಬರೇಟರ್. ಭಾರತೀಯ ವಾಯುಪಡೆ ಹಾರಿಸಿದ್ದೇ ಬೇಕು, ಜಾಗ ಮಾತ್ರ ಇಲ್ಲ ಅನ್ನುವವರಿಗೆ ವೆಂಜನ್ಸ್ ಇದೆ. ಒಂದೇ ಎಂಜಿನ್ನಿನ ಡೈವ್ ಬಾಂಬರ್ ಅದು. ನಮ್ಮ 7 ಮತ್ತು 8ನೇ ಸ್ಕ್ವಾಡ್ರನ್‌ಗಳು 1943-44ರಲ್ಲಿ ಬರ್ಮಾ ಗಡಿಯಲ್ಲಿ ಹಾರಿಸಿದ್ದು. 1/72ರಲ್ಲಿ ಬರೀ 20 ಸೆಂ.ಮೀ. ಸ್ಪೆಷಲ್ ಹಾಬಿ, ಡೋರಾ ವಿಂಗ್ಸ್ ಕಂಪನಿಗಳು ಅದರ ಕಿಟ್ ತಂದಿವೆ. ಇವು ಸಣ್ಣ ಕಂಪನಿಗಳ ಕಿಟ್‌ಗಳು, ಭಾಗಗಳನ್ನು ಕೂಡಿಸಲು ಸ್ವಲ್ಪ ಕೈಪಳಗಿರಬೇಕು.

ಪೆಟ್ಟಿಗೆ ಕೈಗೆ ಬಂದ ದಿನವೇ ಬಿಚ್ಚಿ ನೋಡಿ. ಕೈಪಿಡಿಯಲ್ಲಿರುವ ಚಿತ್ರದ ಜೊತೆ ಒಂದೊಂದು ರನ್ನರ್ ಇಟ್ಟು ಹೋಲಿಸಿ. ಗಾಜಿನ ಭಾಗಗಳನ್ನು ಬೆಳಕಿಗೆ ಹಿಡಿದು ಬಿರುಕು, ಗೀರು ಇದೆಯಾ ನೋಡಿ. ಬೇರೆ ಯಾವ ಭಾಗ ಮುರಿದರೂ ನಾವೇ ಸರಿಮಾಡಬಹುದು, ಗಾಜನ್ನು ಆಗುವುದಿಲ್ಲ. ಡೆಕಾಲ್ ಹಳದಿ ತಿರುಗಿದ್ದರೆ ಪಾರದರ್ಶಕ ಕವರಿನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಡಿ, ಎಷ್ಟೋ ಸಲ ಬಿಳುಪಾಗುತ್ತದೆ. ಕೊರತೆ ಇದ್ದರೆ ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಫೋಟೋ ಸಮೇತ ಬರೆಯಿರಿ. ಕಂಪನಿಯಿಂದ ಬಿಡಿಭಾಗ ಕೇಳುವಾಗ ಕಿಟ್ ನಂಬರ್ ಮತ್ತು ರನ್ನರ್ ಮೇಲಿನ ಅಕ್ಷರ ಕೇಳುತ್ತಾರೆ. ಕಿಟ್ ನಂಬರ್ ಪೆಟ್ಟಿಗೆಯ ಬದಿಯಲ್ಲಿರುತ್ತದೆ. ವಿಮಾನ ಕಟ್ಟಿ ಮುಗಿಯುವವರೆಗೆ ಅದನ್ನು ರದ್ದಿಗೆ ಹಾಕಬೇಡಿ.